ರೊಟ್ಟಿಗೆ ನೀರು ಹಚ್ಚಿದ ಸಪ್ಪಳ

ನಿಡೋಣಿಯಲ್ಲಿ ನಮ್ಮ ಬಾಜೂ ಮನೆಯ ಆಯಿ ಜೋಳದ ಕಣಿಕೆ ಬಣವೆಗೆ ಕೈ ಹಾಕುವ ಮುಂಚೆ ಕೋಲಿನಿಂದ ಎರಡೇಟು ಬಡಿದು, ತಲೆ ವಾಲಿಸಿ ಕೇಳುತ್ತಿದ್ದಳು. ನಾಗರಹಾವು ಹೆಡೆ ಎತ್ತಿ ತಾನೇ ತೋರಿಸಿಕೊಳ್ಳುತ್ತದೆ, ಗರಗಸಮಂಡಲವನ್ನು ಮಾತ್ರ ಕಿವಿಯಿಂದಲೇ ಗುರುತಿಸಬೇಕು ಅನ್ನುವಳು. ಮೇವಿಗೆಂದು ನಾನೂ ಅವಳ ಹಿಂದೆ ಹೋಗುತ್ತಿದ್ದೆ. “ಮೊದಲ ನಿಂದ್ರು, ಆಮ್ಯಾಲ ಕೈ ಹಾಕು” ಎಂದು ದಿನಾ ಹೇಳುವಳು. ದಿನಾ ನನಗೆ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ನಿಲ್ಲಲಿಲ್ಲ. ಕಣಿಕೆಗೆ ಬಗ್ಗಿದವಳ ಮಣಿಕಟ್ಟನ್ನು ಆಯಿ ಗಪ್ಪನೆ ಹಿಡಿದಳು.

“ಹಂಚಿನ ಮ್ಯಾಲ ರೊಟ್ಟಿಗೆ ನೀರ ಹಚ್ಚಿದಂಗ ಸಪ್ಪಳ ಬರಾಕತ್ತೈತಿ. ನಿನಗ ಕೇಳವಲ್ದೇನ?”

ಮೊಳದುದ್ದವೂ ಇಲ್ಲದ ಹಾವೊಂದು ಸುರುಳಿ ಸುತ್ತಿ, ಮೈಗೆ ಮೈ ತಿಕ್ಕಿ ಆ ಸಪ್ಪಳ ಮಾಡುತ್ತಿತ್ತು.

“ಮರಿ ಐತಿ ಬಿಡ ಆಯಿ.”

“ಮರಿ ಅಲ್ಲ, ಅದು ಬೆಳಿಯೂದ ಅಷ್ಟ. ಕಡದ್ರ ಸೀದಾ ದವಾಖಾನಿ.”

ನನ್ನನ್ನು ಅಂಗಳಕ್ಕೆ ಎಳೆದು ತರುವ ತನಕ ಅವಳು ಕೈ ಬಿಡಲಿಲ್ಲ.

ಆಯಿ ಈಗಿಲ್ಲ. ನಾನು ವಿಜಯಪುರದಲ್ಲಿ, ಮೂರನೇ ಮಹಡಿಯಲ್ಲಿದ್ದೇನೆ. ಇಲ್ಲಿಗೆ ಯಾವ ಹಾವೂ ಹತ್ತಿ ಬರುವುದಿಲ್ಲ. ಆದರೂ ರೊಟ್ಟಿಗೆ ನೀರು ಹಚ್ಚಿದೊಡನೆ ಆ ಸಪ್ಪಳಕ್ಕೆ ನನ್ನ ಕೈ ಹಂಚಿನ ಮೇಲೆಯೇ ನಿಲ್ಲುತ್ತದೆ. ಮಣಿಕಟ್ಟನ್ನು ಯಾರಾದರೂ ಹಿಡಿಯಲೆಂದು ಕಾಯುತ್ತೇನೆ. ರೊಟ್ಟಿ ಸೀದು ಹೋಗುತ್ತದೆ.