ನಮ್ಮ ಓಣಿಯ ಸೊನ್ನೆ

ಆ ವರ್ಷದ ಪ್ಲೇಗಿನಲ್ಲಿ ಮನುಷ್ಯರಿಗಿಂತ ಮೊದಲು ಇಲಿಗಳು ಸತ್ತವು. ನಾನು ಮದರಾಸಿನಲ್ಲಿ ಗಣಿತದ ಬಿ.ಎ. ಮುಗಿಸಿ ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಗೆ ಮರಳಿದ್ದೆ. ಸಿರುಗುಪ್ಪಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದು ಒಳಕೋಣೆಯಲ್ಲಿದ್ದಳು. ದವಸದ ಗೋದಾಮುಗಳ ಹಿಂದಿನ ಓಣಿ ನಮ್ಮದು. ಅಲ್ಲಿಯ ಇಲಿ ನಮ್ಮ ಮನೆಯದೂ ಹೌದು.

ಆರೋಗ್ಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಸೋದರಮಾವ ಸತ್ತ ಇಲಿಗಳ ವಾರದ ತಖ್ತೆಯನ್ನು ಮನೆಗೆ ತರುತ್ತಿದ್ದರು. ನನ್ನ ಅಕ್ಷರ ದುಂಡಗಿದ್ದುದರಿಂದ ಶುದ್ಧಪ್ರತಿ ಮಾಡುವ ಕೆಲಸ ನನ್ನದು. ಇಂಗ್ಲಿಷಿನಲ್ಲಿ ಓಣಿಯ ಹೆಸರು, ಎದುರಿಗೆ ಒಂದು ಅಂಕಿ, ಅಷ್ಟೇ. ಮೂರನೆಯ ವಾರದ ಪ್ರತಿ ಬರೆಯುವಾಗ ಹಿಂದಿನ ಎರಡನ್ನೂ ನೆನೆದು ಪಕ್ಕಕ್ಕಿಟ್ಟು ನೋಡಿದೆ. ಅಂಕಿಗಳು ನಿಂತಲ್ಲಿ ನಿಂತಿರಲಿಲ್ಲ. ಗೋದಾಮಿನಿಂದ ಹೊರಟು ಓಣಿಯಿಂದ ಓಣಿಗೆ ನಡೆಯುತ್ತಿದ್ದವು.

"ಮಾವ, ಇದನ್ನ ಯಾರು ಓದತಾರ?"

"ಓದಾಕ ಯಾಕ ಬೇಕು? ಮ್ಯಾಲೆ ಹೋಗತೈತಿ, ಸಹಿ ಬೀಳತೈತಿ, ದಾರದಾಗ ಕಟ್ಟಿಡ್ತಾರ."

"ಊರವರಿಗೆ ಹೇಳೂದು?"

"ಹೇಳಿದ್ರ ಪೇಟಿ ಮುಚ್ಚತೈತಿ, ನನ್ನ ನೌಕರಿನೂ ಮುಚ್ಚತೈತಿ. ಸುಮ್ನ ಬರಿಯವ್ವಾ, ಬೀಎ ಅಮ್ಮಾರ."

ನಮ್ಮ ಓಣಿಯ ಎದುರಿಗೆ ಮೂರೂ ವಾರ ಸೊನ್ನೆಯಿತ್ತು. ಅದನ್ನು ನೋಡಿ ಅವ್ವನಿಗೆ ನಾನೇ ಹೇಳಿದ್ದೆ, ಅಕ್ಕ ಇಲ್ಲೇ ಇರಲಿ ಎಂದು.

ಓದು ಬಾರದವರಿಗೆ ತಖ್ತೆಯನ್ನು ಓದಿ ಹೇಳಿದರೆ ಅದು ಮಂತ್ರದಂತೆ ಕಿವಿ ದಾಟಿಹೋಗುತ್ತದೆ. ಮಧ್ಯಾಹ್ನ ಓಣಿಯ ಹೆಂಗಸರು ನಮ್ಮ ಪಡಸಾಲೆಯ ಬಂಡೆಯ ಮೇಲೆ ಚೌಕಾಬಾರ ಆಡುತ್ತಿದ್ದರು. ಸುತ್ತಲ ಓಣಿಗಳಲ್ಲಿ ಅವರ ಬಳಗವಿತ್ತು. ಇವರಿಗೆ ತಿಳಿದರೆ ಅವರಿಗೂ ತಿಳಿಯುತ್ತದೆ. ಮರುದಿನ ನಾನು ಅವರ ಆಟದ ಮನೆಗಳನ್ನು ಅಳಿಸಿ, ಸೀಮೆಸುಣ್ಣದಿಂದ ಪೇಟೆಯ ಓಣಿಗಳನ್ನು ಬರೆದೆ. ಒಂದು ಇಲಿಗೆ ಒಂದು ಹುಣಸೆ ಬೀಜ. ಮೊದಲ ವಾರದ ಬೀಜ ಇಟ್ಟೆ, ಎರಡನೆಯದು, ಮೂರನೆಯದು. ಕಾಯಿ ನಡೆಸಿ ಬಲ್ಲವರಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ.

"ಇದು ನಮ್ಮ ಕಡೀಗೆ ನಡಿಯಾಕ ಹತ್ತೈತಲ್ಲ" ಎಂದಳು ಎದುರುಮನೆಯಾಕೆ.

"ನಮ್ಮ ಓಣ್ಯಾಗ ಒಂದೂ ಬಿದ್ದಿಲ್ಲ" ಎಂದೆ.

"ನಮ್ಮ ಇಲಿಗೋಳು ಜಟ್ಟಿ ಅದಾವ, ಸಾಯಂಗಿಲ್ಲ" ಎಂದಳು ಗೋಡೆಗೆ ಒರಗಿದ್ದ ಅಕ್ಕ. ಅವಳ ಜತೆ ಯಾರೂ ನಗಲಿಲ್ಲ.

ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ದೊಡ್ಡಮ್ಮ, ಗೋಣಿಚೀಲ ಹೊಲಿದು ಬದುಕುತ್ತಿದ್ದ ಮುದುಕಿ. ಬೀಜಗಳ ರಾಶಿಗೆ ಕೈ ಹಾಕಿ ಮೂರನ್ನು ಎತ್ತಿಕೊಂಡಳು. ಬಂಡೆಯ ಮೇಲೆ ತನ್ನ ಮನೆಯಿದ್ದ ಜಾಗದಲ್ಲಿ ಇಟ್ಟಳು. ಎದುರುಮನೆಯಾಕೆ ಒಂದಿಟ್ಟಳು. ಮೂಲೆಮನೆಯಾಕೆ ನಾಲ್ಕು. ಕೊನೆಗೆ ನನ್ನ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡು ಬೀಜ ಎತ್ತಿ, ನಮ್ಮ ಅಡುಗೆಮನೆಯ ಜಾಗದಲ್ಲಿ ಇಟ್ಟಳು.

"ಯವ್ವಾ, ಯಾಕ ಹೇಳಲಿಲ್ಲ?"

"ಹೇಳಿದ್ರ ಜವಾನರು ಬಂದು ಮಾಳಿಗಿ ಒಡೀತಾರ. ತುಂಬಿದ ಬಸುರಿನ್ನ ಊರ ಹೊರಗಿನ ಷೆಡ್ಡಿಗೆ ಹಾಕ್ತಾರ. ಸಿರುಗುಪ್ಪದ ಬೀಗರು ಆಮ್ಯಾಲೆ ಬಾಗಲಾ ತಗೀತಾರೇನು? ಅರಿಬ್ಯಾಗ ಸುತ್ತಿ ಆಚಿ ಓಣಿ ತಿಪ್ಪಿಗೆ ಒಗದ್ವಿ."

ಆಚೆ ಓಣಿಯ ಗೆರೆಯ ಮೇಲೆ ಬೀಜಗಳು ಒತ್ತೊತ್ತಾಗಿ ಕೂತಿದ್ದವು. ಅವುಗಳಲ್ಲಿ ನಮ್ಮವೆಷ್ಟು? ಯಾರ ಸಾವನ್ನು ಯಾರ ಹೆಸರಿಗೆ ನಾನು ದುಂಡಗೆ ಬರೆದಿದ್ದೆ?

ಅಂದೇ ಹೊತ್ತು ಇಳಿಯುವ ಮುಂಚೆ ಅವ್ವ ಅಕ್ಕನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಕುರುಗೋಡಿನ ಚಿಕ್ಕಮ್ಮನ ಹೊಲದ ಗುಡಿಸಲಿಗೆ ಹೊರಟಳು. ನಾನು ಉಳಿದೆ. ಆ ವಾರದ ತಖ್ತೆಯಲ್ಲಿ ನಮ್ಮ ಓಣಿಯ ಸೊನ್ನೆಯನ್ನು ಹೊಡೆದುಹಾಕಿ, ಬಂಡೆಯ ಮೇಲಿದ್ದ ಹತ್ತನ್ನು ಬರೆದೆ. ಮಾವ ಅದನ್ನು ಮಡಚಿ ಜೇಬಿಗಿಟ್ಟು ಕಚೇರಿಗೆ ಒಯ್ದರು.

ಮೂರನೆಯ ದಿನ ಜವಾನರ ಹಾರೆಗಳು ಬಂದವು. ಅಂಕಿ ಓದಿದವರು ಹಾರೆ ಕಳಿಸಿದರು. ಏನಾಗುತ್ತಿದೆ, ಎಲ್ಲಿಗೆ ಹೋಗಬೇಕು ಎಂಬ ಒಂದು ಮಾತನ್ನೂ ಕಳಿಸಲಿಲ್ಲ. ಜನ ಸುಳ್ಳು ಹೇಳಿದರೆಂದು ಆಮೇಲೆ ದೂರಿದರು. ನಿಜ ಹೇಳಿದವರ ಸೂರು ಕೀಳುವ ಕಚೇರಿಗೆ ನಿಜ ಹೇಗೆ ಸಿಗಬೇಕು? ಇದಕ್ಕೆ ಸಹಿ ಹಾಕಿದವರು ಉತ್ತರ ಕೊಡಲಿ ಎಂದು ಇವತ್ತಿಗೂ ಕೇಳುತ್ತೇನೆ. ಸೊನ್ನೆಯನ್ನು ನಂಬಿದ ನಾನೂ ಆ ಸಾಲಿನಲ್ಲೇ ನಿಲ್ಲಬೇಕು.

ಖಾಲಾ ಬೀದಿಯಲ್ಲಿ ಗೋಣಿಗಳ ಮೇಲೆ ಕೂತು, ತನ್ನ ಮಾಳಿಗೆಯ ತೂತಿನಿಂದ ಮಣ್ಣು ಬೀಳುವುದನ್ನು ನೋಡುತ್ತಿದ್ದಳು.

"ನೀನು ಬರದಿ?"

"ಹೂಂ, ಖಾಲಾ."

"ತಪ್ಪು ಬರದಿ ಬೇಟಿ. ನಂದು ಮೂರಲ್ಲ, ಐದು. ಎರಡು ನಿಮ್ಮ ಗ್ವಾಡಿ ಕೆಳಗ ಬಿದ್ದಿದ್ವು, ನಿಮ್ಮಕ್ಕ ತಲಿ ಇಡೂ ಕಡಿ. ಆಕಿ ಎದುರಿಗೇ ಕುಂತಿದ್ಲು. ನನ್ನ ಕೈ ಏಳಲಿಲ್ಲ."

ಅಲ್ಲಿಂದ ಪ್ರತಿ ಬೆಳಿಗ್ಗೆ ಕುರುಗೋಡಿನ ಕಾಯಿಪಲ್ಯದ ಬಂಡಿ ಬರುವ ಹಾದಿಯಲ್ಲಿ ನಿಂತು, ಬಂಡಿ ದಾಟಿಹೋದ ಮೇಲೆ ಮರಳುತ್ತಿದ್ದೆ. ಒಂಬತ್ತನೆಯ ದಿನ ಬಂಡಿಯವನೇ ನಿಲ್ಲಿಸಿದ.

"ಹೆಣ್ಣಾತವ್ವಾ. ಇಬ್ರೂ ಅರಾಮ ಅದಾರ."

"ಜ್ವರ?"

"ಇಲ್ಲ."

"ಕಂಕುಳಾಗ ಗಂಟು?"

"ಒಂದೂ ಇಲ್ಲವ್ವಾ."

ಅವನ 'ಒಂದೂ ಇಲ್ಲ' ನನಗೆ ಸಾಲಲಿಲ್ಲ. ಅದೇ ಬಂಡಿ ಹತ್ತಿ ಕುರುಗೋಡಿಗೆ ಹೋದೆ. ಅಕ್ಕನ ಹಣೆ ಮುಟ್ಟಿ, ಎರಡೂ ಕಂಕುಳು ತಡವಿ ನೋಡಿದ ಮೇಲೆಯೇ ನೆಲಕ್ಕೆ ಕೂತೆ.