ಪೂಜೆಯ ದಿನ ಬಂದ ಪೆಟ್ಟಿಗೆಗಳು

ಈ ಸಲದ ದೀಪಾವಳಿ ಅಮಾವಾಸ್ಯೆಯ ಸಂಜೆ ನಮ್ಮ ಮನೆಗೆ ನೀರು ಶುದ್ಧ ಮಾಡುವ ಯಂತ್ರವೊಂದು ಬಂತು. ನಾವು ತರಿಸಿದ್ದಲ್ಲ. ತಂದವನು “ಇಟ್ಕೊಂಡು ನೋಡ್ರಿ ಸರ್, ದುಡ್ಡು ಆಮ್ಯಾಲೆ” ಎಂದು ನಗುತ್ತಾ ಒಳಗೇ ತಂದಿಟ್ಟ. ಹೆಂಡತಿಯ ಕೈಯಲ್ಲಿ ಕುಂಕುಮದ ತಟ್ಟೆ. ಚೆಂಡುಹೂವಿನ ಜೊತೆ ಹೊಸ ರಟ್ಟಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ಹಳೆಯದೊಂದು ದೀಪಾವಳಿ ನೆನಪಾಯಿತು. ಆ ವಾಸನೆಯ ಹಿಂದೆ ನಮ್ಮ ಭಾವ ನಿಂತಿದ್ದಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ತೊಂಬತ್ತರ ದಶಕದ ಕೊನೆಯಲ್ಲಿ ಹರಿಹರದ ತಗಡಿನ ಶೆಡ್ಡೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ನಡೆಸುತ್ತಿದ್ದರು. ಕಂಪನಿ ಎಂದರೆ ಭಾವ, ಬೆಸುಗೆ ಹಾಕುವ ನಾಲ್ಕು ಜನ ಹೆಣ್ಣುಮಕ್ಕಳು, ಮತ್ತು ನಾನು. ನನ್ನ ಕಾರ್ಡಿನಲ್ಲಿ ‘ಸೇಲ್ಸ್ ಮ್ಯಾನೇಜರ್’ ಎಂದಿತ್ತು. ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎನ್ನುವುದಷ್ಟೇ ನಿಜ. ನಮ್ಮ ಸಾಮಾನು ಪಂಪ್‌ಸೆಟ್ಟಿಗೆ ಹಾಕುವಂಥದ್ದು. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಸುಡುವ ಮೊದಲೇ ಅದನ್ನು ನಿಲ್ಲಿಸುತ್ತಿತ್ತು. ಒಳ್ಳೆಯ ಸಾಮಾನು. ಇವತ್ತಿಗೂ ಹಾಗೆಂದೇ ಹೇಳುತ್ತೇನೆ.

ಭಾವನಿಗೆ ಒಳ್ಳೆಯ ದಿನದ ಹುಚ್ಚು. ಶೆಡ್ಡಿನ ಫ್ಯಾನು ಬದಲಿಸಲೂ ಪಂಚಾಂಗ ನೋಡುತ್ತಿದ್ದರು. ಆ ವರ್ಷ ಲಕ್ಷ್ಮೀಪೂಜೆಯ ದಿನವೇ ಟೆಂಪೋ ಮಾಡಿಕೊಂಡು ನಂದಿಗುಡಿ, ಕೊಕ್ಕನೂರು, ಲೋಕಿಕೆರೆ ಎಂದು ಸುತ್ತಿ, ಅಂಗಡಿ ಅಂಗಡಿಗೆ ಪೆಟ್ಟಿಗೆ ಇಳಿಸಿ, “ಈ ಕಡೆ ಏಜೆನ್ಸಿ ನಿಮ್ದು” ಎಂದು ಕೈಮುಗಿದು ಬಂದರು. ಒಬ್ಬರೂ ಬೇಡ ಎನ್ನಲಿಲ್ಲ. ಪೂಜೆಯ ದಿನ ಅಂಗಡಿಯಿಂದ ದುಡ್ಡು ಹೊರಗೆ ಹೋಗಬಾರದು. ಹಾಗಾಗಿ ಭಾವನೂ ಕೇಳಲಿಲ್ಲ. ಮರುದಿನ “ಎಲ್ಲಾ ಮಾರಾಟ ಆತು” ಎಂದು ಪೇಡೆ ಹಂಚಿದರು. ಕಂಪನಿಗೆ ಬಂಡವಾಳ ಹಾಕಿದ್ದ ದಾವಣಗೆರೆಯ ಬಟ್ಟೆ ವ್ಯಾಪಾರಿ ರುದ್ರಪ್ಪನವರಿಗೂ ಅದನ್ನೇ ಹೇಳಿದರು.

ಚಳಿ ಹೋಗಿ ಬಿಸಿಲು ಬಂತು, ಇನ್ನೊಂದು ಆರ್ಡರು ಬರಲಿಲ್ಲ. ಒಂದು ಬೆಳಿಗ್ಗೆ ರುದ್ರಪ್ಪನವರೂ ಬಂಡವಾಳದಲ್ಲಿ ಪಾಲಿದ್ದ ಅವರ ಅಳಿಯನೂ ಭಾವನ ಮನೆಯ ಮುಂದೆ ಕಾರಿನಲ್ಲಿ ಬಂದಿಳಿದರು. ಅಕ್ಕ ತಂದ ಚಹಾವನ್ನು ಇಬ್ಬರೂ ಮುಟ್ಟಲಿಲ್ಲ. ನಮ್ಮ ಕಡೆಯವರು ಚಹಾ ಮುಟ್ಟದೆ ಮಾತಿಗಿಳಿದರೆಂದರೆ ವಿಷಯ ಕೈಮೀರಿದೆ ಎಂದೇ ಅರ್ಥ.

“ಮಾರಾಟ ಆಗೈತೆ ಅಂದ್ರಿ. ಮತ್ತೆ ಯಾರೂ ಯಾಕ ಕೇಳ್ವಲ್ರು?” ಎಂದ ಅಳಿಯ.

“ಕೇಳ್ತಾರ್ರಿ. ಏಜೆಂಟ್ರು ನಂಬಿಕಸ್ತರು,” ಎಂದರು ಭಾವ.

“ಅವರ ಜೊತಿ ಏನಾರ ಕರಾರು ಐತೇನ್ರಿ?” ಅಳಿಯ ಬಿಡಲಿಲ್ಲ.

“ಬಾಯಿಮಾತು ಸಾಲದೇನ್ರಿ?”

“ಈ ಏಜೆಂಟ್ರು ಅನ್ನೋರು ಖರೇನ ಅದಾರೋ, ನೀವೇ ಹುಟ್ಟಿಸೀರೋ?”

ಭಾವನ ಮುಖ ಕಪ್ಪಿಟ್ಟಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇವರು ಕೈಬಿಟ್ಟರೆ ಶೆಡ್ಡಿಗೆ ಬೀಗ. ಬೀಗವಾದರೂ ಹಾಳಾಗಲಿ, ಸುಳ್ಳುಗಾರ ಎನ್ನಿಸಿಕೊಂಡು ಭಾವ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ರುದ್ರಪ್ಪನವರು ಎದ್ದು, “ನಡೀರಿ, ಕಣ್ಣಾರೆ ನೋಡೇಬಿಡಾಣ” ಎಂದರು.

ನಾಲ್ವರೂ ಕಾರಿನಲ್ಲಿ ನಂದಿಗುಡಿಗೆ ಹೊರಟೆವು. ಅಂಗಡಿ ಮುಚ್ಚಿರಲಪ್ಪ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಸೇಲ್ಸ್ ಮ್ಯಾನೇಜರ್ ಬೇಡಿಕೊಳ್ಳುವ ಮಾತೇ ಅದು! ಗೊಬ್ಬರದಂಗಡಿ ತೆರೆದೇ ಇತ್ತು. ಮಾಲೀಕ ಬಸಣ್ಣ “ಬರ್ರಿ, ಕೂಡ್ರಿ” ಎಂದು ಬೆಂಚು ಒರೆಸಿದ. ದೇವರ ಪಟದ ಕೆಳಗೆ ನಮ್ಮ ಪೆಟ್ಟಿಗೆಗಳು ಸಾಲಾಗಿದ್ದವು. ಸದ್ಯ, ಇವೆಯಲ್ಲ ಎಂದು ಉಸಿರುಬಿಟ್ಟೆ. ಆಮೇಲೆ ಸರಿಯಾಗಿ ನೋಡಿದೆ. ಒಂದರ ಟೇಪೂ ಕಿತ್ತಿರಲಿಲ್ಲ. ಪ್ರತಿಯೊಂದರ ಮೇಲೂ ಕುಂಕುಮ, ಒಣಗಿದ ಚೆಂಡುಹೂವು.

“ಒಂದೂ ಮಾರಿಲ್ಲಲ್ರಿ?” ಎಂದ ಅಳಿಯ.

ಬಸಣ್ಣ ತಲೆ ಕೆರೆದುಕೊಂಡ. “ನಾ ಕೇಳಿ ತರಿಸಿದ್ದಲ್ರಿ. ಪೂಜಿ ದಿನ ತಂದಿಟ್ರು. ಅವತ್ತು ಹೊಸ್ತಿಲು ದಾಟಿ ಬಂದಿದ್ದನ್ನ ಬ್ಯಾಡ ಅನ್ನಾಕ ಬರ್ತದೇನ್ರಿ? ಆಮ್ಯಾಲೆ ಹೇಳಾಕ ದಾಕ್ಷಿಣ್ಯ.”

ಭಾವ ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸಿ ಟೇಪು ನೋಡಿದರು. ಅವರಿಗೆ ಈ ವಿಷಯ ನಿಜವಾಗಿಯೂ ಹೊಳೆದಿರಲಿಲ್ಲ. ಅಳಿಯ “ಕೇಳಿದ್ರಾ ಮಾವ?” ಎಂದ. ಹರೆಯದಿಂದಲೂ ಗಲ್ಲಾಪೆಟ್ಟಿಗೆಯ ಮುಂದೆ ಕೂತ ರುದ್ರಪ್ಪನವರು ಬಗ್ಗಿ ಆ ಕುಂಕುಮವನ್ನು ನೋಡಿದರು.

“ಅವತ್ತು ನಮ್ಮ ಅಂಗಡಿಗೆ ತಂದಿಟ್ಟಿದ್ರೂ ನಾನು ಬ್ಯಾಡ ಅಂತಿರ್ಲಿಲ್ಲ. ಇವರು ಮೋಸ ಮಾಡಿಲ್ಲ. ಆದ್ರ ಇದು ವ್ಯಾಪಾರನೂ ಅಲ್ಲ,” ಎಂದು ಭಾವನ ಕಡೆ ತಿರುಗಿದರು. “ಹಬ್ಬ-ಹುಣ್ಣಿಮೆ ಇಲ್ಲದ ದಿನ ಎಲ್ಲಾ ಅಂಗಡಿಗೂ ಹೋಗಿ ಬೇಕೋ ಬ್ಯಾಡೋ ಕೇಳ್ರಿ. ಅವರು ಅಂದಿದ್ದು ಅಂದಂಗೇ ನಂಗ ಹೇಳ್ರಿ. ಶೆಡ್ಡಿನ ಮಾತು ಆಮ್ಯಾಲೆ.”

ಭಾವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟೆ. ಕೊಕ್ಕನೂರಿನಲ್ಲಿ ಬ್ಯಾಡ ಎಂದರು. ಮುಂದಿನ ಊರಿನಲ್ಲೂ ಬ್ಯಾಡ. ಒಂದೊಂದು ಅಂಗಡಿಯ ಮೆಟ್ಟಿಲಿಳಿಯುವಾಗಲೂ ಭಾವ ಇನ್ನಷ್ಟು ಕುಗ್ಗಿದಂತೆ ಕಾಣುತ್ತಿದ್ದರು. ಕೊನೆಗೆ ಲೋಕಿಕೆರೆಯ ಮೋಟಾರು ರಿಪೇರಿಯವನು ನಮ್ಮೆದುರೇ ಟೇಪು ಕಿತ್ತು, ವೈರು ಜೋಡಿಸಿ, ಮೋಟಾರು ಚಾಲೂ ಮಾಡಿ, ಒಂದು ಫೇಸಿನ ಫ್ಯೂಸು ತೆಗೆದ. ಮೋಟಾರು ಸುಡದೆ ನಿಂತಿತು.

“ಉಳಿದವು ಒಯ್ಯಿರಿ. ಇವೆರಡು ಇರ್ಲಿ.”

“ಸಂಕೋಚಕ್ಕ ಹೇಳಬ್ಯಾಡ್ರಿ,” ಎಂದರು ಭಾವ.

“ನಂಗೇನ್ರಿ ಸಂಕೋಚ? ಬೇಕು ಅಂತ ಇಟ್ಕಳಾಕತ್ತೀನಿ.”

ಭಾವ ಹೊರಗೆ ಬಂದು ರಸ್ತೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ದಾವಣಗೆರೆಗೆ ಹೋಗಿ ರುದ್ರಪ್ಪನವರಿಗೆ ಬ್ಯಾಡ ಅಂದವರನ್ನೆಲ್ಲ ಮೊದಲು ಹೇಳಿ, ಆ ಎರಡನ್ನು ಕೊನೆಗೆ ಹೇಳಿದರು. ಅವರು ಕೈಬಿಡಲಿಲ್ಲ, ಶೆಡ್ಡಿಗೆ ಬೀಗ ಬೀಳಲಿಲ್ಲ.

ಮೊನ್ನೆ ಅಮಾವಾಸ್ಯೆಯ ಸಂಜೆ ಹೆಂಡತಿ ಪದ್ಧತಿಯಂತೆ ನೀರಿನ ಯಂತ್ರದ ಪೆಟ್ಟಿಗೆಗೂ ಕುಂಕುಮ ಹಚ್ಚಲು ಬಗ್ಗಿದಳು. ನಾನು ಅವಳ ಕೈ ಹಿಡಿದೆ. ತಂದವನಿಗೆ ಹೋಳಿಗೆ ಕೊಟ್ಟು, “ಇವತ್ತು ನಾ ಬ್ಯಾಡ ಅನ್ನಂಗಿಲ್ಲಪ್ಪ. ಹಬ್ಬ ಮುಗಿದ ಮ್ಯಾಲೆ ಬಂದು ಕೇಳು” ಎಂದೆ.

ಹೇಳಿದಂತೆ ಬಂದ, ಕೇಳಿದ. ಬ್ಯಾಡ ಎಂದೆ. ಅವನ ಮುಖ ಥೇಟ್ ಅಂದು ಕೊಕ್ಕನೂರಿನಲ್ಲಿ ಕಂಡ ಭಾವನ ಮುಖವಾಯಿತು. ಒಂದು ಗಳಿಗೆ ನನ್ನ ಮನಸ್ಸು ಜಾರಿತು, ಆದರೂ ಮಾತು ಬದಲಿಸಲಿಲ್ಲ. ಹೆಂಡತಿ ಚಹಾ ತಂದಳು. ಅವನು ಪೂರ್ತಿ ಕುಡಿದು, ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಹೋದ.