ಹನ್ನೆರಡನೇ ಸಂಚಿಕೆಯ ಹಿಸ್ಸೆ

2019ರ ಬೇಸಿಗೆ. ಕಲಬುರಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕ ದುರಸ್ತಿ ಮಾಡುತ್ತಿದ್ದ ನಾನು ನಿವೃತ್ತಳಾಗಿ ಮೂರು ವರ್ಷವಾಗಿತ್ತು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕಾಮಿಕ್ಸ್ ಕೊಳ್ಳುವುದು, ಅವಕ್ಕೆ ಗ್ರೇಡ್ ಹಾಕಿ ಮಾರುವುದು ನನ್ನ ಹೊಸ ಉದ್ಯೋಗ. ಈ ವಯಸ್ಸಿನಲ್ಲಿ ಮಕ್ಕಳ ಪುಸ್ತಕವೇ ಎಂದು ಬೀಗರೆಲ್ಲ ನಕ್ಕರು. ನಗಲಿ ಎಂದು ಬಿಟ್ಟೆ.

ಗ್ರೇಡಿಂಗ್ ಎಂದರೆ ಪುಸ್ತಕದ ಆರೋಗ್ಯ ತಪಾಸಣೆ. ಈಗಷ್ಟೇ ಅಚ್ಚಾಗಿ ಬಂದಂತಿದ್ದರೆ ಹತ್ತು ಅಂಕ, ಚಿಂದಿಯಾಗಿದ್ದರೆ ಅರ್ಧ. ಬೆನ್ನಿನ ಮಡಿಕೆ, ಮುಖಪುಟದ ಬಣ್ಣ, ಪಿನ್ನಿನ ತುಕ್ಕು, ಕಾಗದದ ಬಿಳುಪು ನೋಡಿ ನಡುವೆ ಎಲ್ಲೋ ಒಂದು ಅಂಕ ನಿಲ್ಲಿಸಬೇಕು. ಸೆಲ್ಲೋಟೇಪ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಅಂಕ ಕಡಿಯುವಾಗ ಒಳಗೊಳಗೇ ಖುಷಿಪಡುತ್ತೇನೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲ ನಿಯಮ ಪುಟ ಎಣಿಸುವುದು. ಆ ಬೇಸಿಗೆಯಲ್ಲಿ ನಾನು ಮುರಿದದ್ದು ಅದನ್ನೇ.

ಕಮಲಾಪುರದಿಂದ ಶರಣಪ್ಪ ಎಂಬವರು ಫೋನ್ ಮಾಡಿದರು. ಕೆಂಪು ಬಾಳೆ ಬೆಳೆಯುವವರು, ಐವತ್ತೈದರ ಆಸುಪಾಸು. ಒಂದೇ ವರ್ಷ ನಡೆದು ನಿಂತುಹೋದ ಚಿತ್ರಕಥೆಯ ಮಾಸಿಕವೊಂದು ತಮ್ಮಲ್ಲಿದೆ ಎಂದರು. ಅದರ ಎರಡು ಮೂರು ಸಂಚಿಕೆಗಳನ್ನು ಒಟ್ಟಿಗೆ ಕಂಡರೇ ನಮ್ಮಂಥವರಿಗೆ ಹಬ್ಬ.

"ಹನ್ನೆರಡೂ ಅದಾವ್ರೀ ಮೇಡಂ. ಕಪಾಟಿಗಿ ಗೆದ್ದಲ ಹತ್ಯಾದ. ಗೆದ್ದಲ ತಿನ್ನೋದ್ಕಿಂತ ಓದೋರ ಕೈಗಿ ಹೋಗ್ಲಿ."

ನನಗೆ ತಡೆಯಲಾಗಲಿಲ್ಲ. ಅದನ್ನೇ ಹುಡುಕುತ್ತಿದ್ದ ಹುಬ್ಬಳ್ಳಿಯ ಸಂಗ್ರಾಹಕರಿಗೆ ಆ ಸಂಜೆಯೇ ಮಾತು ಕೊಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ.

ಶರಣಪ್ಪ ಹೊರಸಿನ ಮೇಲೆ ಹನ್ನೆರಡನ್ನೂ ಹರಡಿದರು. ಕಾಗದ ಬೆಳ್ಳಗಿತ್ತು, ಎಲ್ಲೂ ತುಕ್ಕಿನ ಕಲೆಯಿಲ್ಲ. ಎದೆ ಹಿಗ್ಗಿತು. ಆಮೇಲೆ ನೋಡಿದರೆ ಮುಖಪುಟವೇ ಇಲ್ಲ. ಪ್ರತಿಯೊಂದೂ ಒಂಬತ್ತನೇ ಪುಟದಿಂದ ಶುರುವಾಗಿ ಇಪ್ಪತ್ನಾಲ್ಕಕ್ಕೆ ಮುಗಿಯುತ್ತಿತ್ತು. ಮೂವತ್ತೆರಡು ಪುಟದ ಪುಸ್ತಕದಲ್ಲಿ ಉಳಿದದ್ದು ಹೊಟ್ಟೆ ಮಾತ್ರ.

"ಇವು ಅರ್ಧ ಅದಾವಲ್ರೀ" ಎಂದೆ, ಸ್ವಲ್ಪ ಜೋರಾಗಿಯೇ.

"ಹೌದ್ರೀ, ಇದು ನನ್ನ ಹಿಸ್ಸೆ. ಉಳಿದದ್ದು ಅಕ್ಕನ ಕಡಿ ಅದ" ಎಂದರು ಶರಣಪ್ಪ, ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ ಎಂಬಂತೆ.

ಅವರ ತಂದೆಗೆ ಬಟ್ಟೆ ಅಂಗಡಿ ಇತ್ತು. ಊರಿನ ಅಣ್ಣತಮ್ಮಂದಿರ ಹೊಲದ ಹಿಸ್ಸೆಗೆ ಕೂರುತ್ತಿದ್ದ ಹಿರಿಯರೂ ಅವರೇ. ತಿಂಗಳಿಗೊಮ್ಮೆ ಕಲಬುರಗಿಗೆ ಮಾಲು ತರಲು ಹೋದಾಗ ಒಂದು ಕಾಮಿಕ್ಸ್ ತರುತ್ತಿದ್ದರು. ಮಗಳು ಮಹಾದೇವಿ, ಮಗ ಶರಣಪ್ಪ ಇಬ್ಬರೂ ಅದಕ್ಕೆ ಜಗ್ಗಾಡುತ್ತಿದ್ದರು. ತಂದೆ ಪಿನ್ನು ಕಿತ್ತು, ಹೊರಗಿನ ಹಾಳೆಗಳನ್ನು ಮಗಳಿಗೆ, ಒಳಗಿನವನ್ನು ಮಗನಿಗೆ ಕೊಟ್ಟು ತೀರ್ಪು ಮಾಡಿದರು. ಹೀಗಾಗಿ ಕಥೆಯ ಮೊದಲು, ಕೊನೆ ಅಕ್ಕನ ಪಾಲಿಗೆ. ಹೊಡೆದಾಟವಿರುವ ನಡುಭಾಗ ತಮ್ಮನಿಗೆ. ಕಥೆ ಬೇಕೆಂದರೆ ಇಬ್ಬರೂ ಕೂಡಿ ಕೂರಲೇಬೇಕು.

ಹನ್ನೆರಡನೆಯದು ಬಂದದ್ದು ಮಹಾದೇವಿಯವರ ಮದುವೆಯ ವಾರದಲ್ಲಿ. ತಂದೆ ಎಂದಿನಂತೆ ಹಂಚಿದರು, ಗಡಿಬಿಡಿಯಲ್ಲಿ ಕೂಡಿ ಓದುವುದು ಆಗಲಿಲ್ಲ, ಅಕ್ಕನ ಪಾಲಿನ ಹನ್ನೆರಡೂ ಅವರ ಟ್ರಂಕಿನಲ್ಲಿ ಗಂಡನ ಊರಾದ ಮಹಾಗಾಂವಕ್ಕೆ ಹೋದವು. ಪ್ರತಿ ನಾಗರಪಂಚಮಿಗೂ ಅಕ್ಕ ತವರಿಗೆ ಬರುತ್ತಾರೆ, ಉಂಡಿ ತಿಂದು ಜೋಕಾಲಿ ಜೀಕುತ್ತಾರೆ. ಪುಸ್ತಕದ ಮಾತು ಬಂದರೆ ಮಾತ್ರ ಇಬ್ಬರದೂ ಒಂದೇ ಹಟ, ನೀ ಮೊದಲು ತಾ ಎಂದು. ಹೀಗೆ ನಲವತ್ತು ವರ್ಷ.

"ಕೋಟ್ಯಾಗ ಹುಡುಗಿನ್ನ ಕೂಡಿಹಾಕಿರ್ತಾರ್ರೀ. ಅಕಿ ಕಾವಲಗಾರನ ರುಮಾಲ ಸುತ್ತಿಕೊಂಡು ಬಾಗಲ ಕಡಿ ಹೊಂಟಾಳ. ಅಲ್ಲಿಗಿ ನನ್ನ ಪಾಲು ಮುಗೀತು. ಹೊರಗ ಬಂದ್ಲೋ, ಸಿಕ್ಕಬಿದ್ಲೋ, ಇವತ್ತಿಗೂ ಗೊತ್ತಿಲ್ಲ" ಎಂದರು ಶರಣಪ್ಪ. ಮಾರಾಟಕ್ಕಿಂತ ಇದೇ ಅವರನ್ನು ಕಾಡುತ್ತಿತ್ತೆಂದು ಆಗ ತಿಳಿಯಿತು. ಅವರ ಬೈಕಿನ ಹಿಂದೆ ಕುಳಿತು ಮಹಾಗಾಂವಕ್ಕೆ ಹೊರಟೆ.

ಮಹಾದೇವಿಯವರು ಚಹಾ ಕೊಟ್ಟು, ಟ್ರಂಕಿನ ಮುಚ್ಚಳದ ಮೇಲೆ ಕೈಯಿಟ್ಟು ಕೂತರು. "ಮೊದ್ಲ ಅವನ್ದು ತೆಗೀಲಿ."

"ನೀ ತೆಗಿ ಅಕ್ಕ."

ನನ್ನ ತಾಳ್ಮೆ ಮುಗಿಯಿತು. "ಇಬ್ಬರೂ ಒಮ್ಮೆಲೆ ನನ್ನ ಕೈಯಾಗ ಇಡ್ರಿ" ಎಂದು ಗ್ರಂಥಾಲಯದ ದನಿಯಲ್ಲಿ ಗದರಿದೆ. ಇಟ್ಟರು.

ಮೊದಲು ನನ್ನ ಕೆಲಸ ಮಾಡಿದೆ. ಎರಡೂ ಪಾಲುಗಳ ಪಿನ್ನಿನ ತೂತು ಕೂದಲೆಳೆಯಷ್ಟೂ ತಪ್ಪದೆ ಕೂಡಿದವು. ಐದನೇ ಸಂಚಿಕೆಯಲ್ಲಿ ಬಾಳೆಯ ಸೊನೆಯ ಕಲೆ ಅಕ್ಕನ ಹಾಳೆಯಿಂದ ತಮ್ಮನ ಹಾಳೆಗೆ ಅದೇ ಆಕಾರದಲ್ಲಿ ಇಳಿದಿತ್ತು. ಬೇರೆ ಬೇರೆ ಪ್ರತಿಗಳ ಬೆರಕೆಯಲ್ಲ, ಅಪ್ಪಟ ಒಂದೇ ಪ್ರತಿ. ಮೂಲ ಪಿನ್ನಿಲ್ಲ ಎಂದು ಅಂಕ ಕಡಿದೆ. ಪಿನ್ನಿಲ್ಲದ್ದರಿಂದಲೇ ತುಕ್ಕೂ ಇರಲಿಲ್ಲವಾದ್ದರಿಂದ ಹೆಚ್ಚಿನವು ಏಳು ದಾಟಿದವು. ಹನ್ನೆರಡನೆಯದಕ್ಕೆ ಎಂಟು. ದಾರ ಹಾಕಿ ಹೊಲಿದು ಅವರ ನಡುವೆ ಇಟ್ಟೆ.

ಅಕ್ಕ ಓದಿದರು, ತಮ್ಮ ಓದಿದರು, ಮತ್ತೆ ಅಕ್ಕ. ಹುಡುಗಿ ಬಾಗಿಲು ದಾಟಿ ಕುದುರೆ ಹತ್ತಿದಳು. ಶರಣಪ್ಪ ತೊಡೆ ತಟ್ಟಿಕೊಂಡು ನಕ್ಕರು. ಮಹಾದೇವಿಯವರು ಮಾತ್ರ ತಾವು ಅದುವರೆಗೆ ಕಾಣದಿದ್ದ ನಡುವಿನ ಪುಟಗಳಿಗೆ ಹಿಂದೆ ತಿರುವಿದರು.

"ಅಕಿನ್ನ ಯಾರೂ ಬಿಡಿಸಲಿಲ್ಲೇನೋ ಶರಣ್ಯಾ? ಇಷ್ಟ ವರ್ಷ ನಾ ರಾಜಕುಮಾರ ಬಂದು ಬಿಡಿಸ್ಯಾನ ಅಂತ ತಿಳ್ಕೊಂಡಿದ್ದೆ."

"ಯಾರೂ ಇಲ್ಲ ಅಕ್ಕ. ಅಕಿನೇ ಬಂದಾಳ."

ಮಹಾದೇವಿಯವರು ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರನ್ನು ನೋಡಿ ನನಗೂ ನಗು, ನನಗೂ ನೀರು.

ಹನ್ನೊಂದನ್ನು ಮಾರಲು ಕೊಟ್ಟರು. ಹನ್ನೆರಡನೆಯದನ್ನು ಮಾರುವುದು ಬೇಡವೆಂದರು. ಹಾಗಾದರೆ ಯಾರಲ್ಲಿರಬೇಕು ಎಂದು ಮತ್ತೆ ಜಗ್ಗಾಟ ಶುರುವಾಯಿತು. ಕೊನೆಗೆ ಮಹಾದೇವಿಯವರು ಪುಸ್ತಕವನ್ನು ನನ್ನತ್ತ ಸರಿಸಿದರು.

"ದಾರ ಬಿಚ್ರಿ ಮೇಡಂ. ಅಪ್ಪ ಮಾಡಿದ ಹಿಸ್ಸೆನೇ ಇರ್ಲಿ. ಇನ್ನೊಮ್ಮಿ ಓದಬೇಕಂದ್ರ ಇಂವ ಬರ್ಬೇಕು, ಇಲ್ಲ ನಾ ಹೋಗ್ಬೇಕು."

ಜೀವಮಾನವಿಡೀ ಬಿಚ್ಚಿದ ಪುಸ್ತಕ ಹೊಲಿದ ಕೈ ಇದು. ಅರ್ಧ ಗಂಟೆಯ ಹಿಂದೆ ಹಾಕಿದ ಹೊಲಿಗೆಯನ್ನು ಅದೇ ಕೈಯಿಂದ ಬಿಚ್ಚಿದೆ. ನನ್ನ ದಾಖಲೆಯಲ್ಲಿ ಎಂಟನ್ನು ಹೊಡೆದುಹಾಕಿ 'ಅಪೂರ್ಣ' ಎಂದು ಬರೆದೆ.

ಹುಬ್ಬಳ್ಳಿಯವರು ಸಹಜವಾಗಿಯೇ ಸಿಡಿಮಿಡಿಗೊಂಡರು. ಮಾತು ತಪ್ಪಿದ್ದು ನಾನೇ, ಬೈಸಿಕೊಂಡೆ. ಹನ್ನೆರಡನೆಯದು ಏನಾಯಿತು ಎಂದು ಕೇಳಿದರು. "ಅದನ್ನ ಇನ್ನೂ ಓದಾಕತ್ತಾರ್ರೀ" ಎಂದೆ. ಹಾಗಾದರೆ ಹನ್ನೊಂದನ್ನೇ ಕಳಿಸಿ ಎಂದರು.

ಅಂದಿನಿಂದ ಪುಟ ಎಣಿಸದೆ ಯಾರಿಗೂ ಮಾತು ಕೊಟ್ಟಿಲ್ಲ. ಆದರೆ ಎಣಿಸುವುದಕ್ಕೂ ಮೊದಲು ಇನ್ನೊಂದು ಕೆಲಸ ಸೇರಿಕೊಂಡಿದೆ. ಯಾರ ಮನೆಯಲ್ಲೇ ಆಗಲಿ, ಪೆಟ್ಟಿಗೆ ತೆರೆಯುವ ಮುಂಚೆ ಕೇಳುತ್ತೇನೆ: ಇದನ್ನ ಯಾರ್ಯಾರು ಕೂಡಿ ಓದ್ತಿದ್ರಿ?